ಟೂರಿಸಂ ಅನುದಾನಕ್ಕೆ ಪ್ರಸ್ತಾವನೆ ಕೊಡಿ ಅಂದಿದ್ದಾರೆ, ಏನು ಕೇಳೋಣ?

ಕಲ್ಯಾಣಿಕಟ್ಟೆ

ಎಲ್ಲರಿಗೂ ನಮಸ್ಕಾರ. ನಾನು ಬೇಲೂರು ತಾಲೂಕಿನ ಒಂದು ಗ್ರಾಮ ಪಂಚಾಯಿತಿ ಸದಸ್ಯೆ. ಮೊದಲ ಸಲ ಗೆದ್ದವಳು. ಗೊತ್ತಿಲ್ಲದೆ ಏನಾದರೂ ಕೇಳಿದರೆ ಬೈಯಬೇಡಿ.

ನಮ್ಮೂರಲ್ಲಿ ಹೊಯ್ಸಳರ ಕಾಲದ ಒಂದು ಚಿಕ್ಕ ದೇವಸ್ಥಾನ ಇದೆ. ಪಕ್ಕದಲ್ಲೇ ಕಲ್ಯಾಣಿ. ಕೇಂದ್ರ ಪುರಾತತ್ವ ಇಲಾಖೆಯ ನೀಲಿ ಬೋರ್ಡ್ ಇದೆ. ಮುಂಚೆ ಇದನ್ನು ನೋಡಲು ಯಾರೂ ಬರುತ್ತಿರಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ನಮ್ಮ ಕಡೆಗೂ ಕಾರು ಬರೋದು ಶುರುವಾಯಿತು. ಭಾನುವಾರ ಇಪ್ಪತ್ತು, ಮೂವತ್ತು ಕಾರು ಬರುತ್ತವೆ. ಶಾಲೆ ಟ್ರಿಪ್ ಸೀಸನ್‌ನಲ್ಲಿ ಬಸ್ಸೂ ಬರುತ್ತವೆ.

ಮೊನ್ನೆ ವಾಟ್ಸಾಪ್‌ಗೆ ಒಂದು ಪತ್ರ ಬಂತು. ಪ್ರವಾಸಿ ತಾಣಗಳ ಮೂಲಸೌಕರ್ಯಕ್ಕೆ ಪ್ರಸ್ತಾವನೆ ಇದ್ದರೆ ಹತ್ತು ದಿನದೊಳಗೆ ಕಳಿಸಿ ಅಂತ. ಮೀಟಿಂಗ್‌ನಲ್ಲಿ ಹತ್ತೇ ನಿಮಿಷದಲ್ಲಿ ಪಟ್ಟಿ ರೆಡಿಯಾಯಿತು. ಊರ ಬಾಗಿಲಿಗೆ ಸ್ವಾಗತ ಕಮಾನು. ಕಲ್ಯಾಣಿ ಸುತ್ತ ಇಂಟರ್‌ಲಾಕ್ ಟೈಲ್ಸ್. ದೇವಸ್ಥಾನದ ಎದುರಿಗೆ ಹೈಮಾಸ್ಟ್ ದೀಪ. 'ಐ ಲವ್' ಅಂತ ಹಾಕಿ ಊರ ಹೆಸರಿನ ದೊಡ್ಡ ದೊಡ್ಡ ಅಕ್ಷರ. ಅಂದಾಜು 1 ಕೋಟಿ.

ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಆದರೆ ಬೇಡ ಅಂತ ಹೇಳಿದರೆ ಮತ್ತೆ ಏನು ಬೇಕು ಅಂತ ಹೇಳಬೇಕಲ್ವಾ. ಅನುಭವ ಇರುವವರು ಸ್ವಲ್ಪ ತಿಳಿಸಿ.

ವೀಕೆಂಡ್‌ಬೈಕ್

ಮೇಡಂ, ನಾನು ಬೆಂಗಳೂರಿನವನು. ತಿಂಗಳಿಗೊಮ್ಮೆ ನಿಮ್ಮ ಕಡೆ ಬರುತ್ತೇನೆ. ಕಮಾನು ನೋಡೋಕೆ ಯಾರೂ ಇನ್ನೂರು ಕಿಲೋಮೀಟರ್ ಗಾಡಿ ಓಡಿಸಿಕೊಂಡು ಬರಲ್ಲ. ಪಾರ್ಕಿಂಗ್, ಟಾಯ್ಲೆಟ್, ಕುಡಿಯೋ ನೀರು. ಅಷ್ಟೇ.

ಹಳೇಗೈಡ್

ವೀಕೆಂಡ್‌ಬೈಕ್ ಹೇಳಿದ್ದು ಸರಿ. ನನ್ನ ಅನುಭವ ಸ್ವಲ್ಪ ಸೇರಿಸುತ್ತೇನೆ.

ನಾನು ಗೈಡ್ ಕೆಲಸ ಮಾಡಿಕೊಂಡು ಕೂದಲು ಬೆಳ್ಳಗಾದವನು. ಬೆಂಗಳೂರಿಂದ ಬೆಳಿಗ್ಗೆ ಆರೂವರೆಗೆ ಹೊರಟ ಬಸ್ಸು ಹನ್ನೊಂದರ ಹೊತ್ತಿಗೆ ಬಂದು ನಿಲ್ಲುತ್ತದೆ. ದಾರಿಯಲ್ಲಿ ಒಂದು ಕಡೆ ತಿಂಡಿ, ಕಾಫಿ ಆಗಿರುತ್ತದೆ. ನಾನು ಐಡಿ ಕಾರ್ಡ್ ತೋರಿಸಿ ನಮಸ್ಕಾರ ಹೇಳಿದ ತಕ್ಷಣ ಬರುವ ಮೊದಲ ಪ್ರಶ್ನೆ ವಿಷ್ಣುವರ್ಧನನದ್ದೂ ಅಲ್ಲ, ಶಾಂತಲೆಯದ್ದೂ ಅಲ್ಲ. 'ಇಲ್ಲಿ ಟಾಯ್ಲೆಟ್ ಎಲ್ಲಿದೆ?' ಅದಕ್ಕೆ ನೆಟ್ಟಗೆ ಉತ್ತರ ಸಿಕ್ಕಿದರೆ ಜನ ಒಂದೂವರೆ ಗಂಟೆ ನಿಂತು ಕಥೆ ಕೇಳುತ್ತಾರೆ. ಸಿಗದಿದ್ದರೆ ಹೆಣ್ಣುಮಕ್ಕಳು ಇಪ್ಪತ್ತು ನಿಮಿಷಕ್ಕೆ ಬಸ್ಸಿಗೆ ವಾಪಸ್. ಅಂಗಡಿಯವನಿಗೂ ವ್ಯಾಪಾರ ಇಲ್ಲ, ಎಳನೀರಿನವನಿಗೂ ಇಲ್ಲ, ನನಗೂ ಇಲ್ಲ.

ಬೇಲೂರು, ಹಳೇಬೀಡಲ್ಲಾದರೂ ಹೋಟೆಲ್ ಇವೆ, ಸರ್ಕಾರದ ಮಯೂರ ಇದೆ, ಹೇಗೋ ನಡೆಯುತ್ತದೆ. ಕಷ್ಟ ಇರೋದು ಒಳಗಿನ ಊರುಗಳಲ್ಲಿ. ದೊಡ್ಡಗದ್ದವಳ್ಳಿ, ಕೋರವಂಗಲ, ಮೊಸಳೆ, ಹಾರನಹಳ್ಳಿ, ಆ ಕಡೆ ಬೆಳವಾಡಿ, ಅಮೃತಾಪುರ. ಒಂದೊಂದು ಗುಡಿಯೂ ಒಂದೊಂದು ಮುತ್ತು. ಬಂದವರು ಅಲ್ಲಿ ಅರ್ಧ ಗಂಟೆ ಜಾಸ್ತಿ ಕೂರಬೇಕು ಅಂದರೆ ಏನು ಬೇಕು ಅಂತ ಯೋಚಿಸಿ. ನಿಮ್ಮೂರೂ ಅಂಥದ್ದೇ ಇರಬೇಕು ಅನ್ನಿಸುತ್ತದೆ.

ಜೀಪ್‌ಹುಡುಗ

ಅಕ್ಕಾ, ಟಾಯ್ಲೆಟ್ ಕೇಳಿ, ಬೇಡ ಅನ್ನಲ್ಲ. ಆದರೆ ನಮ್ಮ ಗಿರಿ ಕಡೆಯ ಒಂದು ಕಥೆ ಕೇಳಿಬಿಡಿ. ಜಾಗದ ಹೆಸರು ಬೇಡ.

ನಾನು ಚಿಕ್ಕಮಗಳೂರಲ್ಲಿ ಬಾಡಿಗೆ ಜೀಪ್ ಓಡಿಸುತ್ತೇನೆ. ಒಂದು ವ್ಯೂ ಪಾಯಿಂಟ್ ಹತ್ತಿರ ಟೂರಿಸಂ ದುಡ್ಡಲ್ಲಿ ಟಾಯ್ಲೆಟ್ ಕಟ್ಟಿದರು. ಗಂಡಸರಿಗೆ ಮೂರು, ಹೆಂಗಸರಿಗೆ ಮೂರು, ರ‍್ಯಾಂಪ್ ಇಟ್ಟು ಅಂಗವಿಕಲರಿಗೂ ಒಂದು. ಗೋಡೆಗೆ ಒಳ್ಳೆ ಟೈಲ್ಸು. ಮುಂದೆ ಕರಿ ಗ್ರಾನೈಟ್ ಕಲ್ಲಲ್ಲಿ ಯಾರ‍್ಯಾರು ಉದ್ಘಾಟಿಸಿದರು, ಯಾರ ಘನ ಉಪಸ್ಥಿತಿ, ಎಲ್ಲಾ ಚಿನ್ನದ ಅಕ್ಷರದಲ್ಲಿ. ಕಟ್ಟಿ ಮೂರು ಮಳೆಗಾಲ ಆಯ್ತು. ಇವತ್ತಿಗೂ ಬೀಗ.

ಒಂದು ದಿನ ಗಿರಾಕಿಗಳು ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ಸುಮ್ನೆ ಹಿಂದೆ ಹೋಗಿ ವೆಂಟಿಲೇಟರ್‌ನಲ್ಲಿ ಇಣುಕಿದೆ. ಕಮೋಡ್ ಮೇಲಿನ ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿಲ್ಲ ಮಾರಾಯ್ರೆ! ಮೇಲೆ ಕಪ್ಪು ಸಿಂಟೆಕ್ಸ್ ಇದೆ. ಅದರಿಂದ ಕೆಳಗೆ ಪೈಪ್ ಇದೆ. ಸಿಂಟೆಕ್ಸ್‌ಗೆ ನೀರು ಎಲ್ಲಿಂದ ಬರಬೇಕು ಅನ್ನೋದಕ್ಕೆ ಮಾತ್ರ ಏನೂ ಇಲ್ಲ. ಆ ಎತ್ತರದಲ್ಲಿ ಬೋರೂ ಇಲ್ಲ, ಲೈನೂ ಇಲ್ಲ. ಬೀಗದ ಕೈ ಕಟ್ಟಿದವರ ಹತ್ತಿರ ಇದೆ ಅಂತ ಪಂಚಾಯಿತಿಯವರು ಹೇಳುತ್ತಾರೆ. ಪಂಚಾಯಿತಿಗೆ ಕೊಟ್ಟಾಯ್ತು ಅಂತ ಕಟ್ಟಿದವರು ಹೇಳುತ್ತಾರೆ. ಜನ ಅದರ ಹಿಂದಿನ ಗೋಡೆಗೇ ಹೋಗುತ್ತಾರೆ. ಅದನ್ನು ನೋಡಿ ನಗಬೇಕೋ ಅಳಬೇಕೋ.

ಕಲ್ಯಾಣಿಕಟ್ಟೆ

ಅಯ್ಯೋ, ಅಣ್ಣಾ. ನಮ್ಮಲ್ಲೂ ಹಾಗೇ ಆಗುತ್ತದೆ ಅನ್ನಿಸುತ್ತಿದೆ. ನೀರಿಗೂ ಸೇರಿಸಿ ಕೇಳಿದರೆ ಆಗಲ್ವಾ?

ಖಜಾನೆಬಾಕಿ

ತಾಯಿ, ನಾನು ಸರ್ಕಾರಿ ಲೆಕ್ಕಪತ್ರದ ಕೆಲಸದಲ್ಲಿದ್ದು ನಿವೃತ್ತನಾದವನು. ಜೀಪಿನ ಹುಡುಗ ಹೇಳಿದ ಕಥೆಯ ಮೂಲ ಎಲ್ಲಿದೆ ಅಂತ ಹೇಳುತ್ತೇನೆ. ಸ್ವಲ್ಪ ಬೋರ್ ಆಗಬಹುದು, ಆದರೆ ಇಷ್ಟು ತಿಳಿದುಕೊಂಡರೆ ಅರ್ಧ ಜಯ.

ಸರ್ಕಾರದ ಪ್ರತಿ ರೂಪಾಯಿಗೂ ಒಂದು ಲೆಕ್ಕ ಶೀರ್ಷಿಕೆ ಇರುತ್ತದೆ. ಪ್ರವಾಸೋದ್ಯಮಕ್ಕೆ ಎರಡಿವೆ. 5452 ಅಂದರೆ ಬಂಡವಾಳ ವೆಚ್ಚ. 3452 ಅಂದರೆ ದಿನನಿತ್ಯದ ಖರ್ಚು. ನಿಮಗೆ ಬರುವ 'ಮೂಲಸೌಕರ್ಯ ಅನುದಾನ' ಸಾಮಾನ್ಯವಾಗಿ ಮೊದಲನೆಯದು. ಅದರಲ್ಲಿ ಗೋಡೆ ಕಟ್ಟಬಹುದು, ಪೈಪ್ ಎಳೆಯಬಹುದು, ಬೋರ್ ಕೊರೆಸಬಹುದು. ಒಂದು ಪೊರಕೆ ತರೋಕೆ ಆಗಲ್ಲ. ಗುಡಿಸುವವರ ಸಂಬಳ, ಕರೆಂಟ್ ಬಿಲ್, ಒಡೆದ ನಲ್ಲಿ ಬದಲಿಸೋದು, ಫಿನೈಲ್, ಇದ್ಯಾವುದೂ ಅದರಲ್ಲಿ ಬರಲ್ಲ. ಕಟ್ಟಡ ಮುಗಿದು, ಕೊನೆ ಬಿಲ್ ಪಾಸಾಗಿ, ಹಣ ಬಳಕೆ ಪ್ರಮಾಣಪತ್ರ ಹೋದರೆ ಆ ಫೈಲಿನ ಆಯಸ್ಸು ಮುಗಿಯಿತು. ಕಟ್ಟಡದ ಆಯಸ್ಸು ಅಲ್ಲಿಂದ ಶುರು. ಅದನ್ನು ನೋಡಿಕೊಳ್ಳೋಕೆ ಇನ್ನೊಂದು ಫೈಲ್ ಬೇಕು. ಆ ಎರಡನೇ ಫೈಲ್ ಯಾರೂ ತೆರೆಯಲ್ಲ. ಯಾಕೆಂದರೆ ಅದಕ್ಕೆ ಗುದ್ದಲಿ ಪೂಜೆ ಇಲ್ಲ.

ಮಾರ್ಚ್ ಕೊನೆಯ ವಾರ ಖಜಾನೆಯಲ್ಲಿ ರಾತ್ರಿ ಹನ್ನೊಂದರವರೆಗೂ ಕೂತು ಬಿಲ್ ನೋಡಿದ ದಿನಗಳಿವೆ. ಕಮಾನಿನ ಬಿಲ್ ನೋಡಿದ್ದೇನೆ, ಉದ್ಯಾನದ ಬಿಲ್ ನೋಡಿದ್ದೇನೆ. ಉದ್ಯಾನಕ್ಕೆ ನೀರು ಹಾಕಿದವನ ಕೂಲಿ ಬಿಲ್ ಮಾತ್ರ ನನ್ನ ಮೇಜಿಗೆ ಬಂದ ನೆನಪಿಲ್ಲ.

ಆದ್ದರಿಂದ 'ಏನು ಕಟ್ಟೋಣ' ಅಂತ ಶುರು ಮಾಡಬೇಡಿ. ತಿಂಗಳಿಗೆ ಎಷ್ಟು ಖರ್ಚು ನಾವು ತಾಳಿಕೊಳ್ಳಬಹುದು ಅಂತ ಮೊದಲು ಲೆಕ್ಕ ಹಾಕಿ. ಅಷ್ಟರಲ್ಲಿ ನಡೆಯುವಂಥದ್ದನ್ನು ಮಾತ್ರ ಕೇಳಿ.

ವೀಕೆಂಡ್‌ಬೈಕ್

ಸಾರ್, ಇದು ಗೊತ್ತೇ ಇರಲಿಲ್ಲ. ಪೊರಕೆ ಮಾತು ಸೂಪರ್.

ಅಳತೆಪುಸ್ತಕ

ನಾನು ಇಂಜಿನಿಯರ್, ಇನ್ನೂ ಸರ್ವೀಸ್‌ನಲ್ಲಿ ಇದ್ದೇನೆ, ಹಾಗಾಗಿ ಹೆಸರು ಇಲಾಖೆ ಕೇಳಬೇಡಿ. ಕಲ್ಯಾಣಿಕಟ್ಟೆ ಮೇಡಂ, ನಿಮ್ಮ ಪಟ್ಟಿಯನ್ನು ಒಂದೊಂದಾಗಿ ನೋಡೋಣ.

ನೀಲಿ ಬೋರ್ಡ್ ಇದೆ ಅಂದಿರಿ. ಹಾಗಾದರೆ ಅರ್ಧ ಪಟ್ಟಿ ಇಲ್ಲೇ ಬಿತ್ತು. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಸಾಮಾನ್ಯವಾಗಿ ಹೊಸ ಕಟ್ಟಡ ಕಟ್ಟೋ ಹಾಗಿಲ್ಲ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಕಟ್ಟಬೇಕಾದರೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಒಪ್ಪಿಗೆ ಬೇಕು. ಈ 100 ಮೀಟರ್ ಅಳೆಯೋದು ಗರ್ಭಗುಡಿಯಿಂದ ಅಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ಬಹಳ ಜನ ಇಲ್ಲೇ ಎಡವುತ್ತಾರೆ. ದೇವಸ್ಥಾನದ ಎದುರಿನ ಹೈಮಾಸ್ಟ್‌ಗೆ ಒಪ್ಪಿಗೆ ಸಿಗೋದು ಕಷ್ಟ. ಕಲ್ಯಾಣಿ ಸ್ಮಾರಕದ ಒಳಗೇ ಸೇರಿದ್ದರೆ ಟೈಲ್ಸ್ ಮಾತೇ ಎತ್ತಬೇಡಿ. ಸೇರದಿದ್ದರೂ ಎತ್ತಬೇಡಿ ಅನ್ನೋದು ನನ್ನ ಕೋರಿಕೆ. ಎಂಟುನೂರು ವರ್ಷದ ಕಲ್ಲಿನ ಮೆಟ್ಟಿಲ ಪಕ್ಕ ಕೆಂಪು ಹಳದಿ ಟೈಲ್ಸ್ ನೋಡೋಕೆ ಆಗಲ್ಲ.

ಎಲ್ಲರೂ ಟೈಲ್ಸ್ ಯಾಕೆ ಕೇಳುತ್ತಾರೆ ಗೊತ್ತಾ? ಹಾಕೋದು ಸುಲಭ, ಅಳೆಯೋದು ಸುಲಭ, ಬಿಲ್ ಬರೆಯೋದು ಇನ್ನೂ ಸುಲಭ. ಇಷ್ಟು ಚದರ ಮೀಟರ್, ಇಂತಿಷ್ಟು ದರ, ಮುಗಿಯಿತು. ನಮ್ಮ ಕಡೆಯವರದ್ದೂ ತಪ್ಪಿದೆ, ಒಪ್ಪಿಕೊಳ್ಳುತ್ತೇನೆ.

ಇನ್ನು 1 ಕೋಟಿ ಲೆಕ್ಕ. ಕಾಮಗಾರಿಗೆ 18% ಜಿಎಸ್‌ಟಿ ಇದೆ. ತೆರಿಗೆ ಸೇರಿ 1 ಕೋಟಿ ಅಂದರೆ ಕೆಲಸದ ಪಾಲು ಸುಮಾರು 84.7 ಲಕ್ಷ ಅಷ್ಟೇ. ಕಟ್ಟಡ ಕಾರ್ಮಿಕರ ಸೆಸ್ 1% ಬೇರೆ. 'ಕೋಟಿ ಬಂತು, ಎಲ್ಲಿ ಹೋಯ್ತು' ಅಂತ ಜನ ಕೇಳುವಾಗ ಈ ಲೆಕ್ಕ ಬಾಯಲ್ಲಿ ಇಟ್ಟುಕೊಂಡಿರಿ.

ಕೊನೆಯದಾಗಿ ಜಾಗ. ಪ್ರಸ್ತಾವನೆ ಎಷ್ಟೇ ಚೆನ್ನಾಗಿ ಬರೆದರೂ 'ನಿವೇಶನ ಲಭ್ಯವಿದೆಯೇ' ಅನ್ನೋ ಸಾಲಿನ ಮುಂದೆ ಪಹಣಿ ಇಲ್ಲದಿದ್ದರೆ ಅದು ಕಪಾಟಿಗೆ ಹೋಗುತ್ತದೆ. 300 ಮೀಟರ್ ಆಚೆ ನಿಮ್ಮ ಪಂಚಾಯಿತಿ ಜಾಗ ಏನಾದರೂ ಇದೆಯಾ?

ಕಲ್ಯಾಣಿಕಟ್ಟೆ

ದೇವಸ್ಥಾನಕ್ಕೆ ಬರುವ ದಾರಿಯಲ್ಲೇ ಗೋಮಾಳ ಇದೆ ಸಾರ್. 300 ಮೀಟರ್‌ಗಿಂತ ದೂರವೇ ಇರಬೇಕು, ನಡೆದರೆ ಐದಾರು ನಿಮಿಷ. ಒಂದು ಕಡೆ ಒತ್ತುವರಿ ಆಗಿದೆ ಅಂತ ಮಾತಿದೆ. ಯಾರೂ ಬಾಯಿ ಬಿಡಲ್ಲ.

ಅಳತೆಪುಸ್ತಕ

ಹಾಗಾದರೆ ಮೊದಲು ಹದ್ದುಬಸ್ತಿಗೆ, ಅಂದರೆ ಜಾಗದ ಗಡಿ ಅಳೆದು ಗುರುತಿಸೋಕೆ, ಅರ್ಜಿ ಹಾಕಿ. ನಾಡಕಚೇರಿಯಲ್ಲಿ ಮೋಜಿಣಿ ಅನ್ನೋ ಸರ್ವೆ ಅರ್ಜಿ ವ್ಯವಸ್ಥೆಯಲ್ಲಿ ಹಾಕಬಹುದು. ಗೋಮಾಳ ಕಂದಾಯದ್ದು, ಪಂಚಾಯಿತಿದಲ್ಲ. ಭೂ ಕಂದಾಯ ಕಾಯ್ದೆಯ ಕಲಂ 71ರ ಪ್ರಕಾರ ಈ ಉದ್ದೇಶಕ್ಕೆ ಕಾಯ್ದಿರಿಸಿ ಕೊಡಿ ಅಂತ ತಹಶೀಲ್ದಾರ್ ಮೂಲಕ ಕೇಳಬೇಕು. ಹತ್ತು ದಿನದಲ್ಲಿ ಆಗಲ್ಲ. ಆದರೆ ಅರ್ಜಿ ಹಾಕಿದ ಸ್ವೀಕೃತಿ ಪ್ರಸ್ತಾವನೆ ಜೊತೆ ಲಗತ್ತಿಸಿ. ಅದೇ ದೊಡ್ಡ ಬಲ.

ಕಾಳುಮೆಣಸು

ನಾನು ಸ್ವಲ್ಪ ಉಲ್ಟಾ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮಗೆ ಇಷ್ಟೊಂದು ಟೂರಿಸಂ ಬೇಕಾ?

ಗಿರಿ ತಪ್ಪಲಲ್ಲಿ ನಮ್ಮ ತೋಟ. ನಾಲ್ಕು ರೂಮಿನ ಹೋಂಸ್ಟೇ ಇದೆ, ಅದರಿಂದ ಮಗಳ ಕಾಲೇಜು ಫೀಸ್ ನಡೆದಿದೆ, ಸುಳ್ಳು ಹೇಳಲ್ಲ. ಆದರೆ ಮೂರು ದಿನ ರಜೆ ಒಟ್ಟಿಗೆ ಬಂತು ಅಂದರೆ ನಮ್ಮವರಿಗೆ ಜ್ವರ ಬಂದರೂ ಆಸ್ಪತ್ರೆಗೆ ಹೋಗೋಕೆ ರಸ್ತೆ ಸಿಗಲ್ಲ. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ರಾಜ್ಯದಲ್ಲೇ ಎತ್ತರ. ಆ ಎತ್ತರಕ್ಕೆ ಹೋಗೋ ರಸ್ತೆ ಎಷ್ಟು ಅಗಲ ಅಂತ ಎಲ್ಲರೂ ನೋಡಿದ್ದೀರಿ. ಎದುರಿಗೆ ಒಂದು ಟಿಟಿ (ಟೆಂಪೊ ಟ್ರಾವೆಲರ್) ಬಂದರೆ ಇಬ್ಬರಲ್ಲಿ ಒಬ್ಬರು ರಿವರ್ಸ್. ಕೊನೆಗೆ ಜಿಲ್ಲಾಡಳಿತ ಆನ್‌ಲೈನ್ ಬುಕಿಂಗ್ ತಂದು ಬೆಳಿಗ್ಗೆ ಇಷ್ಟು ಗಾಡಿ, ಮಧ್ಯಾಹ್ನದ ಮೇಲೆ ಇಷ್ಟು ಗಾಡಿ ಅಂತ ಮಾಡಬೇಕಾಯಿತು. ಒಂದು ಬೆಟ್ಟಕ್ಕೆ ಟೋಕನ್!

2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ಕಡೆ ಗುಡ್ಡ ಜರಿದಿದ್ದು, ಚಾರ್ಮಾಡಿ ಘಾಟಿ ಬಂದ್ ಆಗಿದ್ದು ಮರೆತುಹೋಯಿತಾ? ಅನುದಾನ ಅಂದ ತಕ್ಷಣ ರಸ್ತೆ ಅಗಲ, ಗುಡ್ಡ ಕಟಿಂಗ್, ವ್ಯೂ ಪಾಯಿಂಟ್‌ಗೆ ಕಾಂಕ್ರೀಟ್. ಗುಡ್ಡ ಕಡಿದು ರಸ್ತೆ ಮಾಡೋಕೆ ದುಡ್ಡು ಸಿಗುತ್ತದೆ. ಕಡಿದ ಗುಡ್ಡಕ್ಕೆ ಚರಂಡಿ ಮಾಡಿ ಅಂದರೆ ಸಿಗಲ್ಲ. ನೀರಿಗೆ ದಾರಿ ಕೊಡದಿದ್ದರೆ ನೀರೇ ದಾರಿ ಮಾಡಿಕೊಳ್ಳುತ್ತದೆ.

ವೀಕೆಂಡ್‌ಬೈಕ್

ಮೇಡಂ, ನಾವು ಬರಬಾರದು ಅಂತೀರಾ? ನಮ್ಮ ದುಡ್ಡು ಬೇಕು, ನಾವು ಬೇಡ?

ಕಾಳುಮೆಣಸು

ಬನ್ನಿ ಅಪ್ಪಾ, ಯಾರು ಬೇಡ ಅಂದರು. ಎರಡು ದಿನ ಇದ್ದು, ಊಟ ಮಾಡಿ, ಕಾಳುಮೆಣಸು ಕೊಂಡುಕೊಂಡು ಹೋಗಿ. ನಾನು ಹೇಳಿದ್ದು ಬೆಳಿಗ್ಗೆ ಬಂದು, ತೋಟದ ಬೇಲಿಗೆ ಬಿಯರ್ ಬಾಟಲಿ ಎಸೆದು, ರೀಲ್ಸ್ ಮಾಡಿ ಸಂಜೆ ಹೋಗುವವರ ಬಗ್ಗೆ. ಹೋದ ವರ್ಷ ಕಳೆ ತೆಗೆಯುವಾಗ ನಮ್ಮ ಆಳು ಮಗಳ ಕಾಲಿಗೆ ಗಾಜು ಹೊಕ್ಕು ಆರು ಹೊಲಿಗೆ ಬಿತ್ತು. ಅವಳಿಗೆ ಯಾವ ಅನುದಾನ?

ವೀಕೆಂಡ್‌ಬೈಕ್

ಆಯ್ತು, ಒಪ್ಪಿದೆ. ನಾನು ಬಾಟಲಿ ಎಸೆಯೋ ಪೈಕಿ ಅಲ್ಲ, ಆದರೂ ಸಾರಿ.

ಜೀಪ್‌ಹುಡುಗ

ಮೆಣಸಿನ ಅಕ್ಕ ಹೇಳಿದ್ದರಲ್ಲಿ ಒಂದು ತಿದ್ದುಪಡಿ. ಟೋಕನ್ ಬಂದ ಮೇಲೆ ನಮಗೆ ಬಾಡಿಗೆ ಏನೂ ಕಮ್ಮಿ ಆಗಿಲ್ಲ. ಮೊದಲು ದಿನಕ್ಕೆ ಮೂರು ಟ್ರಿಪ್ ಅಂತ ಹೋಗಿ ಜಾಮ್‌ನಲ್ಲಿ ಡೀಸೆಲ್ ಸುಡುತ್ತಿದ್ದೆ. ಈಗ ಎರಡು ಟ್ರಿಪ್, ಮಧ್ಯಾಹ್ನ ಮನೆ ಊಟ. ನನ್ನ ಮಟ್ಟಿಗೆ ಒಳ್ಳೆಯದೇ ಆಯ್ತು. ಬೇರೆ ಡ್ರೈವರ್‌ಗಳು ಬೇರೆ ಹೇಳಬಹುದು.

ಹಳೇಗೈಡ್

ಗಿರಿ ಬೇರೆ, ಬಯಲು ಬೇರೆ. ಕಲ್ಯಾಣಿಕಟ್ಟೆಯವರ ಊರಿಗೆ ಬರೋದು ಮೂವತ್ತು ಕಾರು. ಅಲ್ಲಿ ತೊಂದರೆ ಜನ ಜಾಸ್ತಿ ಆಗಿದ್ದಲ್ಲ, ಬಂದವರು ನಿಲ್ಲದೇ ಇರೋದು. ಎರಡಕ್ಕೂ ಒಂದೇ ಔಷಧ ಕೊಡೋಕೆ ಆಗಲ್ಲ.

ದೆಹಲಿ ಹಣದ ಬಗ್ಗೆ ಯಾರಾದರೂ ಹೇಳಿ. ಯುನೆಸ್ಕೊ ಬಂದ ಮೇಲೆ ಕೇಂದ್ರದಿಂದ ಕೋಟಿ ಕೋಟಿ ಬರುತ್ತದೆ ಅಂತ ನಮ್ಮೂರ ಹೋಟೆಲಿನಲ್ಲಿ ದಿನಾ ಮಾತು.

ಖಜಾನೆಬಾಕಿ

ಯುನೆಸ್ಕೊ ಪಟ್ಟಿ ಅಂದರೆ ಮರ್ಯಾದೆ, ಚೆಕ್ ಅಲ್ಲ. ಹೆಸರು ಸೇರಿತು ಅಂತ ದುಡ್ಡು ತಾನಾಗಿ ಬರಲ್ಲ. ಯೋಜನೆ ಬರೆದು ಕೇಳಬೇಕು.

ಕೇಂದ್ರದ ಪ್ರವಾಸೋದ್ಯಮ ಯೋಜನೆಗಳಲ್ಲಿ ಸ್ವದೇಶ್ ದರ್ಶನ್ ಮತ್ತು ತೀರ್ಥಕ್ಷೇತ್ರಗಳಿಗೆ ಪ್ರಶಾದ್, ಎರಡೂ 2014-15ರಲ್ಲಿ ಶುರುವಾದವು. ಸ್ವದೇಶ್ ದರ್ಶನ್ ಮೊದಲು 'ಸರ್ಕಿಟ್' ಅಂತ ಹತ್ತಾರು ಊರು ಪೋಣಿಸಿ ಕೊಡುತ್ತಿತ್ತು. ಎರಡನೇ ಆವೃತ್ತಿಯಲ್ಲಿ ಅದನ್ನು ಬಿಟ್ಟು ಒಂದೊಂದು ತಾಣವನ್ನೇ ಹಿಡಿದು ಅಭಿವೃದ್ಧಿ ಅಂದರು. ಅದರಲ್ಲಿ ನಮ್ಮ ರಾಜ್ಯದಿಂದ ಮೊದಲು ಆಯ್ಕೆ ಆಗಿದ್ದು ಹಂಪಿ ಮತ್ತು ಮೈಸೂರು.

ಆಮೇಲೆ 2024ರ ನವೆಂಬರ್‌ನಲ್ಲಿ ಇನ್ನೊಂದು ಬಂತು. ದೇಶದ 23 ರಾಜ್ಯಗಳ 40 ಯೋಜನೆಗೆ ಸುಮಾರು 3,295 ಕೋಟಿ. ಕರ್ನಾಟಕಕ್ಕೆ ಎರಡು: ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ 100 ಕೋಟಿ, ಬೆಂಗಳೂರಿನ ತಾತಗುಣಿಯ ರೋರಿಕ್ ದೇವಿಕಾರಾಣಿ ಎಸ್ಟೇಟಿಗೆ 99 ಕೋಟಿ ಚಿಲ್ಲರೆ. ಗಮನಿಸಿ, ಇದು ಅನುದಾನ ಅಲ್ಲ. ರಾಜ್ಯಕ್ಕೆ 50 ವರ್ಷದ ಬಡ್ಡಿಯಿಲ್ಲದ ಸಾಲ. ಪೇಪರ್‌ನಲ್ಲಿ 'ಕೇಂದ್ರದ ಕೊಡುಗೆ' ಅಂತ ಬರುತ್ತದೆ, ಲೆಕ್ಕದಲ್ಲಿ ಸಾಲದ ಕಾಲಂನಲ್ಲಿ ಕೂರುತ್ತದೆ. ಬಡ್ಡಿ ಇಲ್ಲದ ಸಾಲ ಒಳ್ಳೆಯದೇ, ಬೇಡ ಅನ್ನಬಾರದು. ಆದರೆ ಹೆಸರು ಸರಿಯಾಗಿ ಹೇಳಬೇಕು.

ಹಳ್ಳಿಯ ಮಟ್ಟಕ್ಕೆ ಇವೆಲ್ಲ ದೂರದ ಬೆಟ್ಟ. ನಿಮ್ಮ ತಾಯಿಬೇರು ಜಿಲ್ಲೆಯಲ್ಲೇ ಇದೆ. ಜಿಲ್ಲಾಧಿಕಾರಿ ಹತ್ತಿರ ಹೋಗುವ ಪಟ್ಟಿ, ಶಾಸಕರ ನಿಧಿ, ಪಂಚಾಯಿತಿಯ ಸ್ವಂತ ದುಡ್ಡು. ಮಲೆನಾಡು ಭಾಗದ ಊರಾಗಿದ್ದರೆ ಶಿವಮೊಗ್ಗದಲ್ಲಿರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಗೂ ಚಿಕ್ಕ ಕಾಮಗಾರಿಗೆ ಕೇಳಬಹುದು.

ಮಂಜುಗಿರಿ

ಪ್ರಸ್ತಾವನೆ ಬರೆಯುವ ಮುಂಚೆ ಒಂದು ಕೆಲಸ. ನಿಮ್ಮ ಊರಿಗೆ ಮುಂಚೆ ಇದೇ ಹೆಸರಲ್ಲಿ ಏನಾದರೂ ಮಂಜೂರಾಗಿತ್ತಾ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ದಾಟಬಾರದು, ಒಂದೇ ವಿಷಯ ಇರಬೇಕು. ಕಥೆ ಬರೆಯಬೇಡಿ. 'ಇಂತಿಂಥ ಗ್ರಾಮದ ಪ್ರವಾಸಿ ತಾಣಕ್ಕೆ ಇಂತಿಂಥ ವರ್ಷಗಳಲ್ಲಿ ಮಂಜೂರಾದ ಕಾಮಗಾರಿಗಳ ಪಟ್ಟಿ, ಅಂದಾಜು ಪಟ್ಟಿ, ಹಸ್ತಾಂತರ ಪತ್ರದ ನಕಲು ಕೊಡಿ' ಅಂತ ನಾಲ್ಕು ಸಾಲು ಸಾಕು. 30 ದಿನದಲ್ಲಿ ಉತ್ತರ ಕೊಡಬೇಕು.

ನಾನು ಒಂದು ಸಲ ಹೀಗೇ ಕೇಳಿದೆ. ನಮ್ಮೂರ ಕೆರೆ ಏರಿ ಮೇಲೆ ಆರು ಕಲ್ಲು ಬೆಂಚು, ಒಂದು ಮಾಹಿತಿ ಫಲಕ ಇದೆ ಅಂತ ಉತ್ತರ ಬಂತು. ಏರಿ ಮೇಲೆ ಹೋಗಿ ಎಣಿಸಿದೆ. ಬೆಂಚು ನಾಲ್ಕು. ಫಲಕ ಇರಲಿಲ್ಲ, ಅದನ್ನು ನಿಲ್ಲಿಸಿದ್ದ ಎರಡು ಕಬ್ಬಿಣದ ಕಂಬ ಇತ್ತು. ಯಾರು ತಿಂದರು ಅಂತ ಜಗಳ ಮಾಡೋಕೆ ಹೋಗಲಿಲ್ಲ. ಆ ನಕಲನ್ನು ಗ್ರಾಮಸಭೆಯಲ್ಲಿ ಓದಿದೆ, ಅಷ್ಟೇ. ಎರಡು ವಾರದಲ್ಲಿ ಫಲಕ ಬಂತು. ಬೆಂಚು ಈಗಲೂ ನಾಲ್ಕೇ.

ಜೀಪ್‌ಹುಡುಗ

😂 ಉಳಿದ ಎರಡು ಯಾರದೋ ಮನೆ ಜಗಲಿಯಲ್ಲಿ ಇರುತ್ತವೆ ಬಿಡಿ ಅಣ್ಣಾ.

ಒಕ್ಕೂಟದಅಕ್ಕ

ಎಲ್ಲಾ ಓದಿದೆ. ನಿರ್ವಹಣೆ ನಿರ್ವಹಣೆ ಅಂತ ಎಲ್ಲರೂ ಹೇಳಿದಿರಿ, ಯಾರು ಮಾಡಬೇಕು ಅಂತ ಯಾರೂ ಹೇಳಲಿಲ್ಲ. ಕೊನೆಗೆ ಹೆಂಗಸರೇ ತಾನೆ.

ನಾನು ಸಂಜೀವಿನಿ ಒಕ್ಕೂಟದಲ್ಲಿ, ಅಂದರೆ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದಲ್ಲಿ, ಇದ್ದೇನೆ. ನಮ್ಮ ಪಂಚಾಯಿತಿಯ ಕಸದ ಗಾಡಿ ಓಡಿಸೋದು ನಮ್ಮ ಸಂಘದ ಹುಡುಗಿ. ಮೊದಲು ಊರವರು ನಕ್ಕರು, ಈಗ ಗಾಡಿ ಹಾಡು ಕೇಳಿದರೆ ಬಕೆಟ್ ಹಿಡಿದು ನಿಲ್ಲುತ್ತಾರೆ. ಕಸದ ಗಾಡಿಗೆ ಪಂಚಾಯಿತಿ ಮತ್ತು ಒಕ್ಕೂಟದ ನಡುವೆ ಒಪ್ಪಂದ ಇದೆ. ಅದೇ ಥರ ಟಾಯ್ಲೆಟ್ ಮತ್ತು ಪಾರ್ಕಿಂಗ್‌ಗೂ ಮಾಡಿಕೊಳ್ಳಬಹುದಲ್ವಾ?

ಲೆಕ್ಕ ಹೀಗೆ ಹಾಕಿ. ಭಾನುವಾರ ಮೂವತ್ತು ಕಾರು, ಕಾರಿಗೆ 30 ರೂಪಾಯಿ ಪಾರ್ಕಿಂಗ್. 900 ಆಯ್ತು. ಶನಿವಾರ ಅದರ ಅರ್ಧ ಇಟ್ಟುಕೊಳ್ಳಿ, 450. ವಾರದ ದಿನ ಬಿಟ್ಟುಬಿಡಿ. ತಿಂಗಳಿಗೆ ನಾಲ್ಕು ವಾರಕ್ಕೆ 5,400. ಒಬ್ಬರಿಗೆ ದಿನಾ ಎರಡು ಹೊತ್ತು ತೊಳೆಯೋ ಕೂಲಿಗೆ ಇದು ಸಾಲಲ್ಲ. ಉಳಿದದ್ದನ್ನು ಪಂಚಾಯಿತಿ ಹಾಕಬೇಕು. 15ನೇ ಹಣಕಾಸು ಆಯೋಗದ ದುಡ್ಡಲ್ಲಿ 30% ನೈರ್ಮಲ್ಯಕ್ಕೆ ಅಂತಲೇ ಕಟ್ಟಿಟ್ಟಿದ್ದರು, 2026ರ ಮಾರ್ಚ್‌ವರೆಗಿನ ಅವಧಿಗೆ. ಅದನ್ನೆಲ್ಲ ಚರಂಡಿಗೇ ಹಾಕಬೇಕು ಅಂತ ಎಲ್ಲೂ ಬರೆದಿರಲಿಲ್ಲ. ಈಗಿನ ಕ್ರಿಯಾ ಯೋಜನೆಯಲ್ಲಿ ಅಂಥ ಸಾಲು ಯಾವುದಿದೆ ಅಂತ ನಿಮ್ಮ ಪಿಡಿಒ ಹತ್ತಿರ ಕೂತು ನೋಡಿ.

ಇನ್ನೊಂದು, ಸ್ವಚ್ಛ ಭಾರತ್ ಎರಡನೇ ಹಂತದಲ್ಲಿ ಸಮುದಾಯ ಶೌಚಾಲಯಕ್ಕೆ 3 ಲಕ್ಷ ಅಂತ ಇಟ್ಟಿದ್ದರು. 3 ಲಕ್ಷದಲ್ಲಿ ಆಗುವ ಟಾಯ್ಲೆಟ್ಟಿಗೆ ಟೂರಿಸಂ ಹೆಸರಲ್ಲಿ 40 ಲಕ್ಷ ಯಾಕೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ಚಿನ್ನದ ನಲ್ಲಿ ಹಾಕುತ್ತಾರೇನೋ.

ಅಳತೆಪುಸ್ತಕ

ಅಕ್ಕಾ, ಚಿನ್ನದ ನಲ್ಲಿ ಇಲ್ಲ. ಕಾಂಪೌಂಡ್, ಗೇಟ್, ಕೆಫೆಟೇರಿಯಾ ಅಂತ ಸೇರಿಸುತ್ತಾ ಹೋಗುತ್ತಾರೆ. ಆದರೆ ನಿಮ್ಮ ಪ್ರಶ್ನೆ ಸರಿ.

ಪಾರ್ಕಿಂಗ್ ಶುಲ್ಕ ಹಾಕಬೇಕಾದರೆ ಮೊದಲು ಪಂಚಾಯಿತಿಯಲ್ಲಿ ಸರಿಯಾಗಿ ನಡಾವಳಿ ಆಗಬೇಕು, ದರದ ಬೋರ್ಡ್ ಹಾಕಬೇಕು, ರಸೀದಿ ಕೊಡಬೇಕು. ಯಾರೋ ಹುಡುಗರು ಹಗ್ಗ ಕಟ್ಟಿ ವಸೂಲಿ ಮಾಡಿದ ಹಾಗೆ ಆಗಬಾರದು. ಪಾರ್ಕಿಂಗಿಗೆ ಕಾಂಕ್ರೀಟ್ ಬೇಡ. ಗ್ರಾವೆಲ್ ಹಾಕಿ ರೋಲರ್ ಓಡಿಸಿ, ಸುತ್ತ ಹೊಂಗೆ ಗಿಡ ನೆಡಿ. ಮೂರು ವರ್ಷಕ್ಕೆ ನೆರಳು.

ಖಜಾನೆಬಾಕಿ

ಒಕ್ಕೂಟದವರ ಲೆಕ್ಕ ನನಗಿಂತ ಚೆನ್ನಾಗಿದೆ. ಪ್ರಸ್ತಾವನೆಯಲ್ಲಿ ಈ 5,400 ರೂಪಾಯಿ ಲೆಕ್ಕವನ್ನೂ ಸೇರಿಸಿ. ಕಳಿಸುವ ನೂರು ಪ್ರಸ್ತಾವನೆಯಲ್ಲಿ ಕಟ್ಟಿದ ಮೇಲಿನ ಖರ್ಚು ಬರೆದದ್ದು ನಿಮ್ಮದೊಂದೇ ಇರಬಹುದು. ಓದುವವರ ಕಣ್ಣು ಅಲ್ಲಿ ನಿಲ್ಲುತ್ತದೆ.

ಹಳೇಗೈಡ್

ಒಂದು ಸಣ್ಣ ಆಸೆ ನನ್ನದು. ಆ 300 ಮೀಟರ್ ನಡೆಯುವ ದಾರಿಯಲ್ಲಿ ಎರಡು ಕಡೆ ನೆರಳಿಗೆ ಕಟ್ಟೆ ಇರಲಿ. ವಯಸ್ಸಾದವರು ಕೂರುತ್ತಾರೆ. ಊರಿನ ಹೆಂಗಸರು ಅಲ್ಲೇ ಮಜ್ಜಿಗೆ, ಸೌತೆಕಾಯಿ ಮಾರಬಹುದು. ಕಾರು ಗುಡಿ ಬಾಗಿಲಿಗೇ ಬಂದರೆ ಊರಿಗೆ ಏನೂ ಇಲ್ಲ, ಧೂಳು ಮಾತ್ರ.

ಕಲ್ಯಾಣಿಕಟ್ಟೆ

ಎಲ್ಲರಿಗೂ ವಂದನೆ. ಇಪ್ಪತ್ತೈದು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಏನಾಯಿತು ಅಂತ ಹೇಳಿಬಿಡುತ್ತೇನೆ.

ಮೀಟಿಂಗ್‌ನಲ್ಲಿ ಕಮಾನು ಬಿಡಿಸೋದು ಬಹಳ ಕಷ್ಟ ಆಯ್ತು. 'ಪಕ್ಕದ ಊರಿಗೆ ಇದೆ, ನಮಗೆ ಯಾಕೆ ಬೇಡ' ಅಂತ ಹಿರಿಯ ಸದಸ್ಯರೊಬ್ಬರು ಎದ್ದು ನಿಂತರು. ನಾನು ಜೀಪಣ್ಣ ಹೇಳಿದ ಕಮೋಡಿನ ಕವರ್ ಕಥೆ ಹೇಳಿದೆ. ಎಲ್ಲರೂ ನಕ್ಕರು, ಅವರೂ ನಕ್ಕರು. ಆಮೇಲೆ ಖಜಾನೆ ಸಾರ್ ಹೇಳಿದ ಪೊರಕೆ ಲೆಕ್ಕ ಹೇಳಿದೆ. ಪಿಡಿಒ ಸಾಹೇಬರು ತಲೆ ಎತ್ತಿ ನೋಡಿದರು, 'ಇದು ನಿಮಗೆ ಯಾರು ಹೇಳಿದರು' ಅಂತ ಕೇಳಿದರು. ಕೊನೆಗೆ ಕಮಾನು, ಹೈಮಾಸ್ಟ್, ಟೈಲ್ಸ್ ಮೂರೂ ಹೋದವು. ದೊಡ್ಡ ಅಕ್ಷರ ಮಾತ್ರ ಉಳಿಯಿತು, ಯುವಕರು ಬಿಡಲಿಲ್ಲ. ಕನ್ನಡದಲ್ಲಿ ಬರೆಸಬೇಕು, ಪಾರ್ಕಿಂಗ್ ಪಕ್ಕದಲ್ಲೇ ಇರಬೇಕು ಅಂತ ಒಪ್ಪಿಸಿದೆ.

ಈಗ ಪ್ರಸ್ತಾವನೆಯಲ್ಲಿ ಇರೋದು: ಗೋಮಾಳದಲ್ಲಿ ಗ್ರಾವೆಲ್ ಪಾರ್ಕಿಂಗ್, ನಾಲ್ಕು ಟಾಯ್ಲೆಟ್, ಶಾಲೆ ಹತ್ತಿರದ ಬೋರಿಂದ ನೀರಿನ ಲೈನ್, ದಾರಿಯಲ್ಲಿ ಎರಡು ಕಟ್ಟೆ. ಒಟ್ಟು 28 ಲಕ್ಷ, ತೆರಿಗೆ ಸೇರಿ. ಜೊತೆಗೆ ಒಕ್ಕೂಟದ ಜೊತೆಗಿನ ಒಪ್ಪಂದದ ಕರಡು, ತಿಂಗಳ ಖರ್ಚಿನ ಪಟ್ಟಿ. ಕಳಿಸಿದ್ದೇವೆ. ಮಂಜೂರಾಗುತ್ತದೋ ಇಲ್ಲವೋ ಗೊತ್ತಿಲ್ಲ. 1 ಕೋಟಿ ಕೇಳೋದು ಬಿಟ್ಟು 28 ಲಕ್ಷ ಕೇಳಿದ ಮೊದಲ ಪಂಚಾಯಿತಿ ನಮ್ಮದೇ ಅಂತ ಕಚೇರಿಯಲ್ಲಿ ಒಬ್ಬರು ತಮಾಷೆ ಮಾಡಿದರಂತೆ.

ಹದ್ದುಬಸ್ತಿಗೂ ಹಾಕಿದ್ದೆ. ಮೊನ್ನೆ ಸರ್ವೆಯವರು ಬಂದು ಚೈನ್ ಹಿಡಿದರು. ಗೋಮಾಳದ ನಾಲ್ಕು ಗುಂಟೆ ಪಕ್ಕದವರ ಶುಂಠಿ ಹೊಲದ ಒಳಗೆ ಸೇರಿದೆ. ಆ ಪಕ್ಕದವರು ಯಾರು ಅಂದರೆ, ಕಮಾನು ಬೇಕು ಅಂತ ಎದ್ದು ನಿಂತಿದ್ದ ಅದೇ ಹಿರಿಯ ಸದಸ್ಯರ ತಮ್ಮ.

ಜೀಪ್‌ಹುಡುಗ

ಅಯ್ಯೋ ಅಕ್ಕಾ! ಆಮೇಲೆ?

ಕಲ್ಯಾಣಿಕಟ್ಟೆ

ಜಗಳ ಆಗುತ್ತದೆ ಅಂತ ನಾನೂ ಹೆದರಿದ್ದೆ. ಅವರು ಸುಮ್ನೆ ನಿಂತು ನೋಡಿದರು. ಬಿತ್ತನೆ ಶುಂಠಿಗೆ ಸಾಲ ಮಾಡಿದ್ದೀನಿ ಕಣಮ್ಮ, ಬೆಳೆ ಕಿತ್ತ ಮೇಲೆ ಕಲ್ಲು ನೆಡಿ ಅಂದರು. ಆಯ್ತು ಅಂದೆ. ಜನವರಿಯಲ್ಲಿ ಕೀಳುತ್ತಾರಂತೆ.